ಬಾಚಣಿಕೆ ಕೊಯ್ದವನ ಪುಸ್ತಕ

ಹಿಮಾಯತ್‌ನಗರ, ಹೈದರಾಬಾದ್
೧೪ ನವೆಂಬರ್ ೨೦೦೪

ಕೋಕಿಲಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನೀನು ಬರೆದದ್ದನ್ನು ನೀನೇ ಇನ್ನೊಮ್ಮೆ ಓದು.

"ಪ್ರವಾಸಿಯ ಚೀಲದಲ್ಲಿ ಎಲ್ಲಕ್ಕಿಂತ ಸೋಮಾರಿ ವಸ್ತು ಪುಸ್ತಕ. ಓದುವುದು ಐವತ್ತು ಪುಟ, ಹೊರುವುದು ಐನೂರು. ಬ್ಲೇಡು ತೆಗೆದುಕೊಂಡು ಅದರ ಬೆನ್ನು ಸೀಳಿ, ನಾಲ್ಕು ಭಾಗ ಮಾಡಿ. ಓದಿ ಮುಗಿದ ಭಾಗವನ್ನು ಅಲ್ಲಲ್ಲೇ ಬಿಟ್ಟು ಮುಂದೆ ಹೋಗಿ. ಈ ದಸರೆಯಲ್ಲಿ ರಟ್ಟು ಹೋದ ಒಂದು ಹಳೆಯ ದಪ್ಪ ಪುಸ್ತಕವನ್ನು ನಾನು ಹೀಗೇ ಗುಂತಕಲ್ಲಿನಿಂದ ಗೋಕರ್ಣದವರೆಗೆ ಹಂಚಿಕೊಂಡು ಹೋದೆ."

ಆ ರಟ್ಟು ಹೋದ ಹಳೆಯ ದಪ್ಪ ಪುಸ್ತಕ ನನ್ನದು. ನಿನ್ನೆ ಕನ್ನಡ ಸಂಘದ ವಾಚನಾಲಯದಲ್ಲಿ ನಿಂತುಕೊಂಡೇ ಇದನ್ನು ಓದಿದೆ. ನಿನ್ನ 'ಹಗುರ ಚೀಲ' ಅಂಕಣ ಬಂದ ವಾರವೆಲ್ಲ 'ಇದು ನಮ್ಮ ಕೋಕಿಲಾ ಬರೆದದ್ದು' ಎಂದು ಅಲ್ಲಿ ಕೂತವರಿಗೆಲ್ಲ ತೋರಿಸುವವಳು ನಾನು. ನಿನ್ನೆ ಪತ್ರಿಕೆ ಮಡಿಚಿಟ್ಟು ಯಾರ ಮುಖವನ್ನೂ ನೋಡದೆ ಹೊರಗೆ ಬಂದೆ.

ಸಂಜೆ ನೀನು ನಾಲ್ಕು ಸಲ ಫೋನ್ ಮಾಡಿದೆ. ನಾನು ಎತ್ತಲಿಲ್ಲ. ಫೋನಿನಲ್ಲಿ ನೀನು ಏನಾದರೂ ಹೇಳಿ ನಗಿಸಿಬಿಡುತ್ತೀ, ಮೂರು ವರ್ಷದಿಂದ ಹೀಗೇ ಆಗಿದೆ. ಈ ಸಲ ನನಗೆ ನಗುವುದು ಬೇಕಾಗಿಲ್ಲ. ಏನಿದ್ದರೂ ಕಾಗದದಲ್ಲಿ ಬರೆ. ನಿಮ್ಮ ಇಮೇಲು ಗಿಮೇಲು ನನಗೆ ಬರುವುದಿಲ್ಲ.

ಹರಿದ ಜಿಪ್ಪಿನ ಚೀಲ ಹಿಡಿದು ನನ್ನ ಅಂಗಡಿಗೆ ಬಂದವಳು ನೀನು. ಮೈಸೂರಿನ ಹುಡುಗಿ, ಕನ್ನಡ ಕೇಳಿ ಎಷ್ಟು ದಿನವಾಯಿತೋ ಎಂಬಂತೆ ಮಾತಿಗೆ ಕೂತೆ. ಈ ದಸರೆಗೆ ಮುಂಚೆ ಬೇಗಂ ಬಜಾರಿಗೆ ನಿನ್ನನ್ನು ಕರೆದುಕೊಂಡು ಹೋಗಿ ಪಟ್ಟಿ, ಬಕಲು ಆರಿಸಿ ಏಳು ಕಿಲೋ ಹಿಡಿಯುವ ಆ ಹೊಸ ಚೀಲ ಹೊಲಿದುಕೊಟ್ಟೆ. ಭಾರ ಹೆಗಲಿಗೆ ಬೀಳದೆ ಸೊಂಟಕ್ಕೆ ಬರಬೇಕು, ನಡೆಯುವವನ ಎರಡೂ ಕೈ ಖಾಲಿ ಇರಬೇಕು, ಒದ್ದೆ ಬಟ್ಟೆಗೆ ಚೀಲದ ಹೊರಗೇ ಜಾಗ ಇರಬೇಕು, ಸಾಬೂನಿಗೆ ತೂತು ಕೊರೆದು ದಾರ ಹಾಕಬೇಕು, ಒಂದೇ ಪಂಚೆ ಟವೆಲ್ಲೂ ಆಗಬೇಕು ಹೊದಿಕೆಯೂ ಆಗಬೇಕು. ಇದೆಲ್ಲ ನಾನು ಹೇಳಿದ್ದು, ನೀನು ನಿನ್ನ ಅನುಭವ ಎಂದು ಬರೆದದ್ದು. ಆಗಲೂ ನಾನು ಬಾಯಿ ಬಿಡಲಿಲ್ಲ. ಈಗ ಬಿಡುತ್ತೇನೆ. ಇವೆಲ್ಲ ನನ್ನ ಅಪ್ಪ ಮೌನಪ್ಪನವು.

ಅಪ್ಪ ದೇವದುರ್ಗದಲ್ಲಿ ಬಡಿಗ. ಇಪ್ಪತ್ತೆರಡು ವರ್ಷ ಪ್ರತಿ ಯುಗಾದಿಗೂ ಶ್ರೀಶೈಲಕ್ಕೆ ನಡೆದುಕೊಂಡು ಹೋದವನು. ಹೊರೆ ಕಡಿಮೆಯಾಗಲಿ ಎಂದು ಬಾಚಣಿಕೆಯನ್ನು ಗರಗಸದಿಂದ ಅರ್ಧ ಕೊಯ್ದುಕೊಂಡು ಒಯ್ಯುತ್ತಿದ್ದ. ಅಂಥ ಮನುಷ್ಯ ಒಂದು ಕಿಲೋ ತೂಕದ ಈ ಶರಣರ ಕಥೆಯ ಪುಸ್ತಕವನ್ನು ಮಾತ್ರ ಇಡಿಯಾಗಿ ಹೊತ್ತುಕೊಂಡು ಹೋಗಿ ಇಡಿಯಾಗಿ ವಾಪಸು ತರುತ್ತಿದ್ದ. ಬಾಚಣಿಕೆ ಕೊಯ್ದವನು ಪುಸ್ತಕ ಕೊಯ್ಯಲಿಲ್ಲ ಕೋಕಿಲಾ. ನೀನು ಕೊಯ್ದೆ.

ಯಾವ ಭಾಗ ಎಲ್ಲಿ ಬಿಟ್ಟೆ, ಬರೆದು ತಿಳಿಸು. ನನಗೆ ಪುಸ್ತಕ ಬೇಕು.

ಸುಮಂಗಲಾ


ಮಿಯಾಪುರ
೨೧ ನವೆಂಬರ್ ೨೦೦೪

ಸುಮಕ್ಕನಿಗೆ ಕೋಕಿಲಾ ಮಾಡುವ ನಮಸ್ಕಾರ. ಬೇಡ ಅಂದರೂ ಮಾಡುತ್ತೇನೆ.

ತಪ್ಪಾಯಿತು. ಇದು ಮೊದಲ ಮಾತು. ನಿಮ್ಮ ಕಾಗದ ಕೈಯಲ್ಲಿ ಹಿಡಿದು ಆಫೀಸಿನ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಿದ್ದೆ. ನಿಮ್ಮ ತಂದೆಯ ಪುಸ್ತಕ ಅಂತ ಗೊತ್ತಿದ್ದರೆ ಅದನ್ನು ಮುಟ್ಟುತ್ತಲೂ ಇರಲಿಲ್ಲ.

ಎರಡನೇ ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ, ಅದಕ್ಕೆ ಹೇಳುತ್ತೇನೆ. ನೀವು ಆ ಪುಸ್ತಕವನ್ನು ಎಲ್ಲಿಟ್ಟಿದ್ದಿರಿ? ಹೊಲಿಗೆ ಮೆಷಿನ್ನಿನ ಹಿಂದಿನ ಕಾಲಿನ ಅಡಿಯಲ್ಲಿ. ನೆಲ ತಗ್ಗಾಗಿದೆ, ಮೆಷಿನ್ ಕುಂಟುತ್ತೆ ಅಂತ. ಹೊಸ ಚೀಲಕ್ಕೆ ಭಾರ ಹಾಕಿ ಪಟ್ಟಿ ಪರೀಕ್ಷೆ ಮಾಡುವಾಗ ಆರು ಕಿಲೋ ಆಗಿತ್ತು, ಇನ್ನೊಂದು ಕಿಲೋ ಬೇಕಾಗಿತ್ತು. ನೀವೇ ಬಗ್ಗಿ ಅದನ್ನು ಎಳೆದು ಕೊಟ್ಟಿರಿ. "ಇದನ್ನ ಹಾಕ್ಕೋ. ತೂಕಕ್ಕೂ ಆತು, ದಾರ್ಯಾಗ ಓದಾಕೂ ಆತು" ಅಂದಿರಿ. "ವಾಪಸ್ ಯಾವಾಗ ಕೊಡಲಿ?" ಅಂದರೆ "ಕೊಟ್ರ ಕೊಡು, ಬಿಟ್ರ ಬಿಡು" ಅಂದಿರಿ. ಇದೇ ಮಾತು, ನಾನು ಸೇರಿಸಿದ್ದಲ್ಲ. ಅಪ್ಪ ಅನ್ನುವ ಶಬ್ದವನ್ನೇ ನಿಮ್ಮ ಬಾಯಲ್ಲಿ ನಾನು ಕೇಳಿದವಳಲ್ಲ. ಚೀಲದ ವಿಷಯಗಳನ್ನೂ ನೀವು 'ನಮ್ಮ ಕಡೆ ಹೀಗೆ' ಅಂತ ಹೇಳುತ್ತಿದ್ದಿರೇ ಹೊರತು ಇಂಥವರದು ಅಂತ ಹೇಳಲಿಲ್ಲ. ಅಂಚಿನಲ್ಲಿ ಅಲ್ಲಲ್ಲಿ ಯಾರೋ ದಪ್ಪ ಪೆನ್ಸಿಲಿನಲ್ಲಿ ಗೀಚಿದ್ದು ನೋಡಿ, ಅಬಿಡ್ಸ್ ಫುಟ್‌ಪಾತಿನಲ್ಲಿ ಭಾನುವಾರ ಮಾರುವ ಹಳೇ ಪುಸ್ತಕ ಅಂದುಕೊಂಡೆ.

ನೀವು ಕೇಳಿದ ವಿವರ: ಮೊದಲ ಭಾಗ ಗುಂತಕಲ್ ಸ್ಟೇಷನ್ನಿನ ಬೆಂಚಿನ ಮೇಲೆ ಬಿಟ್ಟೆ. ಎರಡನೆಯದು ಹೊಸಪೇಟೆಯ ಲಾಡ್ಜಿನ ರೂಮಿನಲ್ಲಿ. ಮೂರನೆಯದನ್ನು ಗೋಕರ್ಣದಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಒಬ್ಬ ಮುದುಕರು ಕೇಳಿ ಇಸಕೊಂಡರು. ನಾಲ್ಕನೆಯದು ಓದಿ ಮುಗಿದಿರಲಿಲ್ಲ, ನನ್ನ ಹತ್ತಿರವೇ ಉಳಿದಿತ್ತು. ಈ ಕಾಗದದ ಜೊತೆ ಕಳಿಸಿದ್ದೇನೆ.

ನನ್ನ ಅಭ್ಯಾಸವೇ ಕೆಟ್ಟದ್ದಿರಬಹುದು. ಈ ಊರಿಗೆ ಬಂದ ಐದು ವರ್ಷದಲ್ಲಿ ಆರು ಮನೆ ಬದಲಿಸಿದ್ದೇನೆ. ಪ್ರತಿ ಸಲವೂ ತೂಕದ್ದನ್ನೆಲ್ಲ ಹಿಂದೆ ಬಿಟ್ಟೇ ಬಂದದ್ದು. ದಿನವಿಡೀ ಯಾವುದೋ ದೇಶದವರಿಗೆ ಯಾವ ಬಟನ್ ಒತ್ತಬೇಕು ಅಂತ ಕೈಪಿಡಿ ಬರೆಯುವುದು ನನ್ನ ಕೆಲಸ. ಆ ಅಂಕಣ ಒಂದೇ ನನ್ನದು ಅನ್ನುವಂಥದ್ದು. ಅದನ್ನು ನೀವು ಹೀಗೆ ನನ್ನ ಮುಖಕ್ಕೆ ಎಸೆದಿರಲ್ಲ, ಅದು ನೋವಾಯಿತು.

ನಿಮ್ಮ ಕೋಕಿಲಾ


ಹಿಮಾಯತ್‌ನಗರ
೨ ಡಿಸೆಂಬರ್ ೨೦೦೪

ಕೋಕಿಲಾ,

ಹೌದು, ಮೆಷಿನ್ನಿನ ಕಾಲಡಿಗೆ ಇಟ್ಟಿದ್ದೆ. ಅದು ನನಗೂ ನನ್ನ ಅಪ್ಪನಿಗೂ ಇದ್ದ ಜಗಳ. ನಿನಗೆ ಅವನ ಜೊತೆ ಏನು ಜಗಳವಿತ್ತು?

ನೀನು ಕಳಿಸಿದ ತುಂಡು ಬಂತು. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಅದನ್ನು ತೆರೆದೆ. ನಿಜ ಹೇಳುತ್ತೇನೆ, ಆ ಪುಸ್ತಕವನ್ನು ನಾನು ತೆರೆದದ್ದು ಅದೇ ಮೊದಲು. ನೀನು ಗೀಚಿದ್ದು ಅಂತ ಬರೆದೆಯಲ್ಲ, ಅದು ಅಪ್ಪನ ಕೈಬರಹ. ಹಲಗೆಗೆ ಗುರುತು ಹಾಕುವ ಚಪ್ಪಟೆ ಪೆನ್ಸಿಲು, ಯಾವಾಗಲೂ ಕಿವಿಯ ಮೇಲೆ ಇರುತ್ತಿತ್ತು. ಬರೆದದ್ದೆಲ್ಲ ಶ್ರೀಶೈಲದ ದಾರಿಯದು. 'ನಾಗಲೂಟಿ ಬಾವಿ ನೀರು ಸಪ್ಪೆ.' 'ಭೀಮನ ಕೊಳ್ಳ ಇಳಿಯುವಾಗ ಬೆನ್ನು ಹಿಂದಕ್ಕೆ.' 'ಮುದುಕಿಯೊಬ್ಬಳ ಗಂಟು ಹೊತ್ತೆ, ಹೆಸರು ಕೇಳಲಿಲ್ಲ.' ಓದುತ್ತ ಕೂತಿದ್ದೆ. ಒಬ್ಬ ಹುಡುಗ ಲ್ಯಾಪ್‌ಟಾಪಿನ ಚೀಲ ಹಿಡಿದು ಬಂದು "ಅಕ್ಕಾ, ಜಿಪ್ ಆಜ್ ಮಿಲೇಗಾ ಕ್ಯಾ?" ಅಂದ, ಇವತ್ತೇ ಬೇಕಂತೆ. ನಾನು ಅವನನ್ನು ಬೈದು ಕಳಿಸಿದೆ, ಪಾಪ.

ಈಗ ಮುಖ್ಯ ವಿಷಯ. ನೀನು ಕಳಿಸಿದ ತುಂಡಿನ ಮೊದಲ ಪುಟದ ಮೇಲಿನ ಅಂಚಿನಲ್ಲಿ ಹೀಗಿದೆ: 'ಅಂತ ಬೇಡಿಕೊಂಡೆ. ಒಂಬತ್ತನೇ ವರ್ಷ.'

ಅಷ್ಟೇ. ವಾಕ್ಯ ಶುರುವಾದದ್ದು ಅದರ ಹಿಂದಿನ ಪುಟದ ಕೆಳಗೆ. ಆ ಪುಟ ನಿನ್ನ ಮೂರನೇ ತುಂಡಿನಲ್ಲಿದೆ. ನಿನ್ನ ಬ್ಲೇಡು ಸರಿಯಾಗಿ ಅಲ್ಲೇ ಹೊಕ್ಕಿದೆ.

ಒಂಬತ್ತನೇ ವರ್ಷ ಅಂದರೆ ಏನು ಅಂತ ನನಗೆ ಗೊತ್ತು. ಗಂಡ ದಿನಾ ಹೊಡೆಯುತ್ತಿದ್ದ ಮನೆ ಬಿಟ್ಟು ನಾನು ತವರಿಗೆ ಬಂದದ್ದು ತೊಂಬತ್ತಮೂರರ ಬೇಸಿಗೆಯಲ್ಲಿ. ಅಪ್ಪ ಓಣಿಯ ಜನರೆಲ್ಲ ಕೇಳುವಂತೆ, "ಗಂಡನ ಮನಿ ಬಿಟ್ಟಾಕಿ ನನ್ನ ಹೊಸ್ತಲಾ ತುಳಿಬ್ಯಾಡ" ಎಂದು ಕೂಗಿ ಕೈಯಲ್ಲಿದ್ದ ಉಳಿ ಬೀಸಿ ಒಗೆದ. ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಅಷ್ಟು ಸಿಟ್ಟಿನವನು. ನಾನೂ ಅವನ ಮಗಳೇ. ಅದೇ ಬಸ್ಸಿಗೆ ಹೈದರಾಬಾದಿಗೆ ಬಂದೆ. ಮುಂದಿನ ಯುಗಾದಿಯಿಂದ ಎಣಿಸಿದರೆ ಒಂಬತ್ತನೆಯದು ಎರಡು ಸಾವಿರದ ಎರಡು.

ಆ ವರ್ಷ ನಾಗರ ಪಂಚಮಿಗೆ ಅವ್ವ ಹೇಳಿಕಳಿಸಿದಳೆಂದು ನಾಚಿಕೆ ಬಿಟ್ಟು ಊರಿಗೆ ಹೋದೆ. ಅಪ್ಪ ಅಂಗಳದಲ್ಲಿ ಹಲಗೆ ನುಣುಪಾಗಲೆಂದು ರಂದಾ ಹೊಡೆಯುತ್ತಿದ್ದ. ನನ್ನನ್ನು ಒಮ್ಮೆ ನೋಡಿದ. ಮತ್ತೆ ತಲೆ ಬಗ್ಗಿಸಿದ. ನಾನು ಚೀಲ ಹಿಡಿದುಕೊಂಡು ನಿಂತೇ ಇದ್ದೆ. ಆ ಹಲಗೆ ಆಗಲೇ ಕನ್ನಡಿಯಾಗಿತ್ತು, ಆದರೂ ಬಿಡದೆ ಅದನ್ನೇ ಉಜ್ಜಿದ. ಒಂದು ಮಾತು ಇಲ್ಲ. ಬೈದಿದ್ದರೆ ನಾನೂ ಬೈದು ಒಳಗೆ ಹೋಗಿಬಿಡುತ್ತಿದ್ದೆ, ನಮ್ಮಿಬ್ಬರಿಗೂ ಅದು ಗೊತ್ತಿದ್ದ ದಾರಿ. ಆದರೆ ಮರದ ತುಂಡಿಗೆ ಇದ್ದ ಬೆಲೆ ನನಗಿರಲಿಲ್ಲ. ಅವ್ವ ನೀರು ತರುವುದರೊಳಗೆ ತಿರುಗಿ ಬಂದುಬಿಟ್ಟೆ. ಐದು ತಿಂಗಳಿಗೆ ಅವನು ಸತ್ತ. ನಾನು ಮಣ್ಣಿಗೂ ಹೋಗಲಿಲ್ಲ.

ಆಮೇಲೆ ಮಿಯಾಪುರಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಬರುವ ನಮ್ಮೂರ ಹುಲಗೇಶ ಈ ಪುಸ್ತಕ ತಂದುಕೊಟ್ಟ. "ನಿಮ್ಮಪ್ಪ ಹೋಗಾಕ ಎಲ್ಡು ದಿನ ಮೊದಲ ಇದನ್ನ ಸುಮಂಗಲಾಗ ಮುಟ್ಟಸು ಅಂದಿದ್ನಂತ. ನಿಮ್ಮವ್ವ ಗದಿಗೆಮ್ಮಾಯಿಗೆ ಓದಾಕ ಬರಂಗಿಲ್ಲ, ಒಳಗ ಏನೈತೋ ನೀನಾ ನೋಡ್ಕೋಬೇಕಂತ" ಅಂದ. ನೋಡಿಕೊಳ್ಳುವುದೇನು, ಹೊಸ್ತಿಲು ತುಳಿಯಬೇಡ ಎಂದವನ ಪುರಾಣ ನನಗೇಕೆ ಎಂದು ಮೆಷಿನ್ನಿನ ಕಾಲಡಿಗೆ ತಳ್ಳಿದೆ.

ಅಪ್ಪ ಆ ವರ್ಷ ದೇವರಲ್ಲಿ ಏನು ಬೇಡಿಕೊಂಡ? ನಾನು ಸಾಯಲಿ ಅಂತಲೇ? ಬರಲಿ ಅಂತಲೇ? ಬರದಿರಲಿ ಅಂತಲೇ? ನೀನು ಆ ಪುಟ ಓದಿದವಳು. ನೆನಪು ಮಾಡಿಕೊಂಡು ಬರೆ. ಸುಳ್ಳು ಸಮಾಧಾನ ಮಾತ್ರ ಬರೆಯಬೇಡ.

ಸುಮಂಗಲಾ


ಮಿಯಾಪುರ
೨೦ ಡಿಸೆಂಬರ್ ೨೦೦೪

ಸುಮಕ್ಕ,

ಮೂರು ದಿನ ತಲೆ ಕೆರೆದುಕೊಂಡೆ. ನೆನಪಿಲ್ಲ. ನಾನು ಅಚ್ಚಾದದ್ದನ್ನು ಓದುತ್ತ ಹೋದೆ, ಅಂಚಿನದನ್ನು ಎಲ್ಲೋ ಒಂದೊಂದು ಕಡೆ ನೋಡಿದೆ ಅಷ್ಟೇ. ಬಾವಿಯ ಮಾತು ನೆನಪಿದೆ, ಪಾದದ ಗುಳ್ಳೆಗೆ ಎಣ್ಣೆ ಹಚ್ಚಿ ಸೂಜಿದಾರ ಪೋಣಿಸಬೇಕು ಅಂತ ಇದ್ದದ್ದು ನೆನಪಿದೆ. ಆ ಪುಟ ನೆನಪಿಲ್ಲ. ಏನಾದರೂ ಒಳ್ಳೆಯದನ್ನು ಕಟ್ಟಿ ಬರೆದುಬಿಡೋಣ ಅಂತ ಒಂದು ಕ್ಷಣ ಅನಿಸಿತ್ತು. ನೀವು ಬೇಡ ಅಂದಿರಿ, ಬರೆಯಲಿಲ್ಲ.

ಕ್ರಿಸ್‌ಮಸ್ ರಜೆಗೆ ಗುಂತಕಲ್ಲಿಗೂ ಹೊಸಪೇಟೆಗೂ ಹೋಗುತ್ತೇನೆ. ಮೂರನೇ ಭಾಗ ಇಸಕೊಂಡ ಮುದುಕರು ತಮ್ಮ ಹೆಸರು ನರಹರಿ, ಕುಮಟಾದಲ್ಲಿ ಶಾಲೆ ಮೇಷ್ಟರಾಗಿದ್ದೆ ಅಂತ ಹೇಳಿದ್ದರು. ಹುಡುಕುತ್ತೇನೆ.

ಆದರೆ ಒಂದು ಮಾತು ಕೇಳಿಯೇ ಕೇಳುತ್ತೇನೆ, ನೀವು ಎಷ್ಟು ಸಿಟ್ಟಾದರೂ ಸರಿ. ಎರಡು ವರ್ಷ ಅದು ನಿಮ್ಮ ಪಾದದಿಂದ ಒಂದು ಗೇಣು ದೂರದಲ್ಲಿತ್ತು. ಒಂದು ದಿನ ಬಗ್ಗಿ ತೆರೆದಿದ್ದರೆ ಇವತ್ತು ನನ್ನನ್ನು ಕೇಳುವ ಪ್ರಮೇಯವೇ ಇರಲಿಲ್ಲ. ನಾನು ಪುಸ್ತಕ ಸೀಳಿದೆ, ಒಪ್ಪಿದೆ. ಓದದೇ ಇದ್ದದ್ದು ಯಾರು? ಆ ಪಂಚಮಿಗೆ ಊರಿಗೆ ಹೋದವರು ಮರುದಿನ ಬೆಳಗ್ಗೆಯೇ ಅಂಗಡಿ ತೆರೆದಿದ್ದಿರಿ. ಯಾಕೆ ಇಷ್ಟು ಬೇಗ ಅಂತ ಕೇಳಿದರೆ "ಬಸ್ಸು ಲಗೂನ ಸಿಕ್ತು" ಅಂದಿರಿ. ನನಗೂ ಒಂದು ಮಾತು ಹೇಳಲಿಲ್ಲ. ಮನೆಯವರು ಮಾತಾಡಲಿಲ್ಲ ಅಂತ ಸಿಟ್ಟಾಗುವ ನೀವು ಯಾರ ಹತ್ತಿರ ಮಾತಾಡುತ್ತೀರಿ ಸುಮಕ್ಕ?

ಕೋಕಿಲಾ


ಹಿಮಾಯತ್‌ನಗರ
೩ ಜನವರಿ ೨೦೦೫

ಕೋಕಿಲಾ,

ನಿನ್ನ ಕಾಗದ ಓದಿ ಹರಿದು ಹಾಕಿದೆ. ಹರಿಯುವುದು ಹಗುರಾಗಲು ಒಳ್ಳೆಯ ದಾರಿ ಅಂತ ನಿನ್ನ ಅಂಕಣದಿಂದಲೇ ಕಲಿತೆ.

ಓದದೇ ಇದ್ದದ್ದು ನಾನು. ಅದು ನನಗೆ ಗೊತ್ತಿಲ್ಲವೇ? ಒಂದು ತಿಂಗಳಿಂದ ಆ ಒಂದು ಅಂಚನ್ನು ದಿನಕ್ಕೆ ಹತ್ತು ಸಲ ನೋಡುತ್ತಿರುವವಳಿಗೆ ಇದನ್ನು ನೀನು ಬರೆದು ತಿಳಿಸಬೇಕಾಯಿತೇ? ನನ್ನ ತಪ್ಪಿಗೆ ಔಷಧವಿತ್ತು ಕೋಕಿಲಾ. ಇವತ್ತಲ್ಲ ನಾಳೆ, ಸಿಟ್ಟು ಇಳಿದ ದಿನ ಬಗ್ಗಿ ತೆರೆಯುತ್ತಿದ್ದೆ. ಪುಸ್ತಕ ಎಲ್ಲಿಗೂ ಹೋಗುತ್ತಿರಲಿಲ್ಲ, ಅಪ್ಪನೂ ಇನ್ನು ಎಲ್ಲಿಗೂ ಹೋಗುವಂತಿರಲಿಲ್ಲ. ಆ ದಿನವನ್ನು ನೀನು ಬಸ್ಸಿನಲ್ಲಿ ಯಾರಿಗೋ ಕೊಟ್ಟು ಬಂದೆ.

ಮೆಷಿನ್ನಿನ ಕಾಲಡಿಗೆ ಈಗ ರಟ್ಟು ಮಡಿಚಿ ಇಟ್ಟಿದ್ದೇನೆ. ನಿಲ್ಲುವುದಿಲ್ಲ, ವಾರಕ್ಕೊಮ್ಮೆ ಬದಲಿಸಬೇಕು. ಪ್ರತಿ ಹೊಲಿಗೆಗೂ ಅಲ್ಲಾಡುತ್ತೆ, ಪ್ರತಿ ಸಲವೂ ನಿನ್ನ ನೆನಪಾಗುತ್ತೆ.

ಪುಟ ಸಿಕ್ಕರೆ ಕಳಿಸು. ಸಿಗದಿದ್ದರೆ ಕಾಗದ ಬರೆಯಬೇಡ, ಅಂಗಡಿಯ ಕಡೆಗೂ ಬರಬೇಡ.

ಸುಮಂಗಲಾ


ಕುಮಟಾ ಬಸ್ ನಿಲ್ದಾಣ
೯ ಫೆಬ್ರವರಿ ೨೦೦೫

ಸುಮಕ್ಕ,

ಪುಟ ಇನ್ನೂ ಸಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ, ಬೈಯುವುದಿದ್ದರೆ ಬೈಯಿರಿ.

ಗುಂತಕಲ್ಲಿನಲ್ಲಿ ಏನೂ ಸಿಗಲಿಲ್ಲ. ಬೆಂಚಿನ ಮೇಲೆ ಬಿಟ್ಟದ್ದನ್ನು ಮಧ್ಯಾಹ್ನದೊಳಗೆ ಗುಡಿಸಿಬಿಡುತ್ತಾರಂತೆ. ಗುಡಿಸುವ ಯಂಕಮ್ಮ ನನ್ನ ಮುಖ ನೋಡಿ, "ಬಿಟ್ಟು ಹ್ವಾದಾಕಿನೂ ನೀನಾ, ಹುಡುಕಾಕಿನೂ ನೀನಾ?" ಅಂದಳು. ಹೊಸಪೇಟೆಯ ಲಾಡ್ಜಿನಲ್ಲಿ ಎರಡನೇ ಭಾಗದ ಹನ್ನೊಂದು ಹಾಳೆ ಸಿಕ್ಕವು. ಮ್ಯಾನೇಜರು ಅದರ ಮೇಲೆ ಚಹಾದ ಲೋಟ ಇಟ್ಟುಕೊಂಡಿದ್ದ. ಈ ಕಾಗದದ ಜೊತೆ ಇವೆ. ಒಂದು ಅಂಚಿನಲ್ಲಿ 'ಸೊಂಟದ ಪಟ್ಟಿ ಸುಮಂಗಲ ಹೊಲಿದದ್ದು, ಹರಿಯಲಿಲ್ಲ' ಅಂತ ಇದೆ. ಅದನ್ನು ನಾನು ಅಲ್ಲಿ ನಿಂತೇ ಓದಿದೆ. ಮೊದಲ ಸಲ ಓದಿದ್ದಾಗ ಈ ಸುಮಂಗಲ ಯಾರು ಅಂತ ನನಗೆ ಹೊಳೆಯಲೇ ಇಲ್ಲವಲ್ಲ, ಅದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ನರಹರಿ ಮೇಷ್ಟರು ಸಿಕ್ಕರು. ಒಳ್ಳೆಯ ಮನುಷ್ಯ. ನನ್ನನ್ನು ಕಂಡು ಸಂಭ್ರಮಪಟ್ಟು, ಗೋಡೆಗೆ ಅಂಟಿಸಿಟ್ಟ ನನ್ನ ಅಂಕಣ ತೋರಿಸಿದರು. "ನೀವು ಬರೆದ ಹಾಗೇ ಮಾಡಿದೆ ಮಗಾ! ಓದಿದ್ದು ಓದಿದ್ದು ಬಿಡಿಸಿ ಹಂಚಿಬಿಟ್ಟೆ. ನಮ್ಮ ಕೇರಿಯ ಆರು ಮನೆಯಲ್ಲಿ ಓದ್ತಾ ಇದ್ದಾರೆ" ಅಂದರು. ಅಲ್ಲೇ ಜಗಲಿಯ ಮೇಲೆ ಕೂತು ಅತ್ತೆ ಸುಮಕ್ಕ. ಅವರಿಗೆ ಏನೂ ಅರ್ಥವಾಗಲಿಲ್ಲ, ಪಾಪ, ಬೆಲ್ಲ ನೀರು ತಂದುಕೊಟ್ಟರು.

ಆರು ಮನೆಯೂ ಹತ್ತಿ ಇಳಿದೆ. ಐದು ಮನೆಯವರು ಕೊಟ್ಟರು. ಕಡೆಯ ಹದಿನಾರು ಪುಟ, ಅಂದರೆ ನಮಗೆ ಬೇಕಾದ ಪುಟ, ತುಳಸಾಬಾಯಿ ಅನ್ನುವವರ ಹತ್ತಿರ ಇದೆ. ಅವರು ಅದನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡು ಬೆಳಗಾವಿಗೆ ಮಗಳ ಬಾಣಂತನಕ್ಕೆ ಹೋಗಿದ್ದಾರೆ. ಮಾರ್ಚ್ ತಿಂಗಳಲ್ಲಿ ಬರುತ್ತಾರಂತೆ. ನಾನೂ ಮತ್ತೆ ಬರುತ್ತೇನೆ. ಆಫೀಸಿನ ಮ್ಯಾನೇಜರು ಇನ್ನು ರಜೆ ಇಲ್ಲ ಅಂದಿದ್ದಾರೆ, ಸಂಬಳ ಹಿಡಿದುಕೊಳ್ಳಿ ಅಂದೆ.

ಈ ವಾರ ಪತ್ರಿಕೆಗೆ ಎರಡೇ ಸಾಲು ಬರೆದು ಕಳಿಸಿದ್ದೇನೆ: 'ಪುಸ್ತಕ ಸೀಳಿ ಎಂದು ನಾನು ಬರೆದದ್ದು ತಪ್ಪು. ಚೀಲದ ಬಗ್ಗೆ ನಾನು ಈವರೆಗೆ ಬರೆದದ್ದೆಲ್ಲ ದೇವದುರ್ಗದ ಬಡಿಗ ಮೌನಪ್ಪನವರಿಂದ ಬಂದದ್ದು.' ಸಂಪಾದಕರಿಗೆ ಇಷ್ಟವಾಗಲಿಲ್ಲ. ಅಂಕಣ ನಿಲ್ಲಿಸುತ್ತಾರಂತೆ. ನಿಲ್ಲಿಸಲಿ.

ಕೋಕಿಲಾ


ಕುಮಟಾ
೨೪ ಮಾರ್ಚ್ ೨೦೦೫

ಸುಮಕ್ಕ,

ಸಿಕ್ಕಿತು. ತುಳಸಾಬಾಯಿಯವರು ಸುಲಭಕ್ಕೆ ಬಿಡಲಿಲ್ಲ. "ಪೂಜೆಗಿಟ್ಟ ಪುಸ್ತಕ, ಇಡೀದು ತಂದುಕೊಟ್ರೆ ಈ ತುಂಡು ಕೊಡ್ತೆ" ಅಂದರು. ಹುಬ್ಬಳ್ಳಿಗೆ ಹೋಗಿ ಅದೇ ಪುಸ್ತಕದ ಹೊಸ ಪ್ರತಿ ಹುಡುಕಿ, ಒಂದು ಕಿಲೋ ಎರಡು ನೂರು ಗ್ರಾಂ, ಹೆಗಲ ಮೇಲೆ ಹೊತ್ತು ತಂದುಕೊಟ್ಟೆ. ಸೊಂಟದ ಪಟ್ಟಿ ಕಟ್ಟಿಕೊಳ್ಳಲಿಲ್ಲ. ಹೆಗಲಿಗೇ ಬೀಳಲಿ ಅನಿಸಿತು.

ಕಡೆಯ ಪುಟ ಬೇರೆ ಲಕೋಟೆಯಲ್ಲಿದೆ. ಕೆಳಗಿನ ಅಂಚನ್ನು ನಾನು ನೋಡಿಲ್ಲ. ತುಳಸಾಬಾಯಿಯವರ ಕೈಯಿಂದಲೇ ಮಡಿಚಿಸಿ ಲಕೋಟೆ ಅಂಟಿಸಿದೆ. ಕುಂಕುಮದ ಕಲೆ ಅವರ ದೇವರದು.

ಏನಾದರೂ ಬರೆದಿರಲಿ, ಅದು ನಿಮ್ಮದು.

ಕೋಕಿಲಾ


ದೇವದುರ್ಗ
೧೨ ಏಪ್ರಿಲ್ ೨೦೦೫

ಕೋಕಿಲಾ,

ಊರಿನಿಂದ ಬರೆಯುತ್ತಿದ್ದೇನೆ. ಯುಗಾದಿಗೆ ಬಂದೆ. ಹನ್ನೆರಡು ವರ್ಷದ ಮೇಲೆ ಈ ಮನೆಯಲ್ಲಿ ಬೇವು ಬೆಲ್ಲ ತಿಂದೆ.

ನಿನ್ನ ಲಕೋಟೆ ಬಂದ ದಿನ ತೆರೆಯಲಿಲ್ಲ. ನಾಲ್ಕು ದಿನ ಮೆಷಿನ್ನಿನ ಮೇಲೆ ಇತ್ತು. ನೀನು ಬೈದದ್ದು ನೆನಪಾಯಿತು, ಐದನೇ ದಿನ ಕತ್ತರಿ ತೆಗೆದುಕೊಂಡೆ. ಪುಟದ ಕೆಳಗೆ ಅಪ್ಪನ ಕೈಯಲ್ಲಿ ಹೀಗಿದೆ. ನೀನು ನೋಡಿಲ್ಲ ಅಂದೆ, ಅದಕ್ಕೆ ಎರಡು ತುಂಡನ್ನೂ ಕೂಡಿಸಿ ಬರೆಯುತ್ತೇನೆ.

'ಸುಮಂಗಲ ಬಂದ ದಿವಸ ನನಗ ಸಿಟ್ಟು ಬರಬಾರದು. ಬಂದರೂ ಬಾಯಿಗೆ ಬರಬಾರದು, ಅಂತ ಬೇಡಿಕೊಂಡೆ. ಒಂಬತ್ತನೇ ವರ್ಷ.'

ಆ ಪಂಚಮಿಯ ದಿನ ಅವನು ಬಾಯಿ ಮುಚ್ಚಿಕೊಂಡು ಕೂತದ್ದು ಅದಕ್ಕೆ. ಬಾಯಿ ಬಿಟ್ಟರೆ ಮತ್ತೆ ಉಳಿ ಹಾರುತ್ತದೆ ಅಂತ ಅವನಿಗೆ ಹೆದರಿಕೆ. ಇನ್ನೂರೈವತ್ತು ಕಿಲೋಮೀಟರು ನಡೆದು ಬೇಡಿ ತಂದದ್ದನ್ನು ನನ್ನ ಮುಂದೆ ಹಾಗೆ ಹಲ್ಲು ಕಚ್ಚಿ ಹಿಡಿದಿದ್ದ. ನಾನು ಅದನ್ನು ತಿರಸ್ಕಾರ ಅಂದುಕೊಂಡು ಬಸ್ಸು ಹಿಡಿದೆ.

ಅವ್ವನಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ, ಸಿಟ್ಟಾದಳು. "ನನಗರ ಹೇಳಬೇಕಿಲ್ಲ? ಅಪ್ಪ ಮಗಳು ಇಬ್ರೂ ಒಂದಾ ಕೊರಡಿನಿಂದ ಕಡದ ಕಟಗಿ ಅದೀರಿ" ಎಂದು ಬೈದಳು. ಆ ಹಲಗೆ ಏನಾಯಿತು ಅವ್ವಾ ಎಂದು ಕೇಳಿದೆ. "ನೀ ಹ್ವಾದ ಮ್ಯಾಲೂ ಸಂಜಿತನಕ ಅದನ್ನ ಹೆರಕೋತ ಕುಂತಿದ್ದ. ಹಪ್ಪಳದಂಗ ತೆಳ್ಳಗಾತು. ಯಾವುದಕ್ಕೂ ಬರಲಿಲ್ಲ, ಒಲಿಗೆ ಹಾಕಿದೆ" ಅಂದಳು. ನಾನು ಅಂಗಳಕ್ಕೆ ಹೋಗಿ ಅವನು ಕೂರುತ್ತಿದ್ದ ಜಾಗದಲ್ಲಿ ಬಹಳ ಹೊತ್ತು ಕೂತೆ. ಬಾಗಿಲಿನ ಚೌಕಟ್ಟಿನಲ್ಲಿ ಉಳಿಯ ಗಾಯ ಇನ್ನೂ ಇದೆ. ಬಡಿಗನ ಮನೆ, ಅದನ್ನು ಮುಚ್ಚಲು ಅವನಿಗೆ ಅರ್ಧ ಗಂಟೆ ಸಾಕಾಗಿತ್ತು. ಮುಚ್ಚಿರಲಿಲ್ಲ.

ಸಿಕ್ಕಷ್ಟು ಹಾಳೆ ಕೂಡಿಸಿ ದಪ್ಪ ದಾರದಿಂದ ಹೊಲಿಯುತ್ತಿದ್ದೇನೆ. ಮೊದಲ ಭಾಗ ಪೂರಾ ಹೋಯಿತು, ಎರಡನೆಯದರಲ್ಲಿ ಹನ್ನೊಂದು ಹಾಳೆ. ಆ ಹೋದದ್ದರಲ್ಲಿ ಒಂದನೇ ವರ್ಷ ಏನಿತ್ತು, ನಾಲ್ಕನೇ ವರ್ಷ ಏನಿತ್ತು, ಅದು ನನಗೆ ಸಾಯುವವರೆಗೆ ಗೊತ್ತಾಗುವುದಿಲ್ಲ. ಅದಕ್ಕೆ ನಿನ್ನ ಮೇಲೆ ಇರುವ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತೆ. ನನ್ನ ಮೇಲಿನದು ಅದಕ್ಕಿಂತ ಹೆಚ್ಚಿದೆ.

ಮುಂದಿನ ವಾರ ಅಂಗಡಿ ತೆರೆಯುತ್ತೇನೆ. ಅಂಗಡಿಯ ಕಡೆಗೆ ಬರಬೇಡ ಎಂದು ಬರೆದಿದ್ದೆ. ಬಾ. ಚೀಲ ತೆಗೆದುಕೊಂಡು ಬಾ, ಇಷ್ಟು ಓಡಾಡಿದ ಮೇಲೆ ಪಟ್ಟಿಯ ಹೊಲಿಗೆ ಬಿಟ್ಟಿರುತ್ತೆ.

ನೀನು ಬಂದ ದಿನ ನಾನು ತಲೆ ಎತ್ತದೆ, ಒಂದು ಮಾತೂ ಆಡದೆ ಹೊಲಿಯುತ್ತ ಕೂತಿದ್ದರೆ, ತಿರುಗಿ ಮಿಯಾಪುರದ ಬಸ್ಸು ಹತ್ತಬೇಡ. ಅಲ್ಲೇ ಸ್ಟೂಲು ಇರುತ್ತೆ, ಕೂತುಕೋ.

ನಿನ್ನ
ಸುಮಕ್ಕ